ಗೆರೆಗೆರೆಯಾಗಿ ಓದುವ ಯಂತ್ರ: ಸ್ಕ್ಯಾನರ್ ನಡೆದುಬಂದ ದಾರಿ

ಮನೆಯ ಕಂಪ್ಯೂಟರಿಗೆ ಫ್ಲಾಟ್‌ಬೆಡ್ ಸ್ಕ್ಯಾನರ್ ಒಂದನ್ನು ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಪೆಟ್ಟಿಗೆಯ ಮೇಲೆ ದಪ್ಪವಾಗಿ ಅಚ್ಚಾಗಿರುವ ಒಂದು ಅಂಕಿ: 2400, 4800, 9600. ಅಂಕಿ ದೊಡ್ಡದಾದಷ್ಟೂ ಯಂತ್ರ ಮೇಲು ಎಂಬ ನಂಬಿಕೆ ಕೊಳ್ಳುವವರಲ್ಲೂ ಇದೆ, ಮಾರುವವರಲ್ಲೂ ಇದೆ. ಈ ಅಂಕಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ತಿಳಿಯಬೇಕಾದರೆ ಸ್ಕ್ಯಾನರ್ ಹೇಗೆ ಹುಟ್ಟಿತು, ಯಾವ ಯಾವ ತೊಡಕುಗಳನ್ನು ದಾಟಿ ನಮ್ಮ ಮೇಜಿಗೆ ಬಂತು ಎಂಬುದನ್ನು ಸ್ವಲ್ಪ ನೋಡಬೇಕು. ಈ ಕಥೆ ಎಲೆಕ್ಟ್ರಾನಿಕ್ ಕಂಪ್ಯೂಟರಿಗಿಂತ ಸುಮಾರು ನೂರು ವರ್ಷ ಹಳೆಯದು.

ಇದು ಬರಿಯ ಕುತೂಹಲದ ಮಾತಲ್ಲ. ನಿಮ್ಮ ಶಾಲೆಯ ಕಪಾಟಿನಲ್ಲಿ ಹಳೆಯ ವಾರ್ಷಿಕ ಸಂಚಿಕೆಗಳಿರಬಹುದು. ಮನೆಯಲ್ಲಿ ಅಜ್ಜನ ಕಾಗದಪತ್ರಗಳಿರಬಹುದು. ಇಪ್ಪತ್ತನೆಯ ಶತಮಾನದ ಅಗ್ಗದ ಅಚ್ಚುಕಾಗದ ಮರದ ತಿರುಳಿನಿಂದ ಮಾಡಿದ್ದು. ಅದರಲ್ಲಿ ಉಳಿದ ಆಮ್ಲ ನಾರುಗಳನ್ನು ನಿಧಾನವಾಗಿ ಕತ್ತರಿಸುತ್ತದೆ. ಹಾಳೆ ಮೊದಲು ಹಳದಿಯಾಗುತ್ತದೆ, ಆಮೇಲೆ ಮಡಿಸಿದ ಕಡೆ ಮುರಿಯುತ್ತದೆ. ಅಂಥ ಹಾಳೆಯನ್ನು ಗಾಜಿನ ಮೇಲೆ ಇಡುವ ಅವಕಾಶ ಬಹಳ ಸಲ ಒಮ್ಮೆ ಮಾತ್ರ ಸಿಗುತ್ತದೆ. ಆ ಒಂದು ಸಲದಲ್ಲಿ ಯಂತ್ರ ಹಿಡಿಯದೆ ಬಿಟ್ಟ ವಿವರವನ್ನು ಆಮೇಲೆ ಯಾವ ತಂತ್ರಾಂಶವೂ ತಂದುಕೊಡಲಾರದು.

ಲೋಲಕದ ಕಾಲ

ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಬೇನ್ ಗಡಿಯಾರ ಮಾಡುವವನು. 1843ರಲ್ಲಿ ಅವನು ಪಡೆದ ಬ್ರಿಟಿಷ್ ಪೇಟೆಂಟಿನಲ್ಲಿ ಬರಹವೊಂದನ್ನು ತಂತಿಯ ಮೂಲಕ ದೂರಕ್ಕೆ ನಕಲು ಮಾಡುವ ಉಪಾಯವಿದೆ. ಅವನಿಗೆ ಚೆನ್ನಾಗಿ ಗೊತ್ತಿದ್ದ ವಸ್ತು ಲೋಲಕ. ಲೋಲಕದ ತುದಿಗೆ ಲೋಹದ ಮೊನೆ. ಅದು ಉಬ್ಬಕ್ಷರಗಳ ಲೋಹದ ಚೌಕಟ್ಟಿನ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಸವರಿಕೊಂಡು ಹೋಗುತ್ತದೆ. ಉಬ್ಬಿದ ಲೋಹ ತಗುಲಿದಾಗ ವಿದ್ಯುತ್ತು ಹರಿಯುತ್ತದೆ, ತಗುಲದಿದ್ದರೆ ಇಲ್ಲ. ಪ್ರತಿ ತೂಗಾಟಕ್ಕೂ ಚೌಕಟ್ಟು ಒಂದು ಗೆರೆಯಷ್ಟು ಕೆಳಗಿಳಿಯುತ್ತದೆ. ದೂರದ ಊರಿನಲ್ಲಿ ಇಂಥದೇ ಲೋಲಕ ರಾಸಾಯನಿಕದಲ್ಲಿ ನೆನೆಸಿದ ಕಾಗದದ ಮೇಲೆ ತೂಗುತ್ತದೆ. ವಿದ್ಯುತ್ತು ಬಂದ ಕಡೆ ಕಾಗದ ಬಣ್ಣ ಬದಲಿಸುತ್ತದೆ.

ಇಲ್ಲಿ ಸ್ವಲ್ಪ ನಿಂತು ನೋಡಿ. ಎರಡು ಆಯಾಮಗಳ ಹಾಳೆಯನ್ನು ಒಂದೇ ತಂತಿಯಲ್ಲಿ ಕಳಿಸಲು ಬರುವುದಿಲ್ಲ. ಆದ್ದರಿಂದ ಅದನ್ನು ಗೆರೆಗಳಾಗಿ ಸೀಳಬೇಕು, ಗೆರೆಗಳನ್ನು ಒಂದರ ಹಿಂದೆ ಒಂದರಂತೆ ಕಾಲದಲ್ಲಿ ಜೋಡಿಸಬೇಕು. ಅಡ್ಡಕ್ಕೆ ಒಂದು ವೇಗದ ಚಲನೆ, ಉದ್ದಕ್ಕೆ ಒಂದು ನಿಧಾನದ ಚಲನೆ. ನಿಮ್ಮ ಮೇಜಿನ ಸ್ಕ್ಯಾನರಿನಲ್ಲಿ ನಡೆಯುವುದೂ ಇದೇ. ಬೇನನ ಯಂತ್ರಕ್ಕೆ ಬೆಳಕನ್ನು ಕಾಣುವ ಕಣ್ಣಿರಲಿಲ್ಲ, ಅಷ್ಟೆ. ಎರಡು ಲೋಲಕಗಳು ಕೂದಲೆಳೆಯಷ್ಟೂ ಹಿಂದುಮುಂದಾಗದೆ ತೂಗಬೇಕಾಗಿದ್ದುದು ಅದರ ದೊಡ್ಡ ತೊಡಕು. ಹೊಂದಿಕೆ ತಪ್ಪಿದರೆ ಅಕ್ಷರಗಳು ವಾಲುತ್ತಿದ್ದವು.

1848ರಲ್ಲಿ ಫ್ರೆಡ್ರಿಕ್ ಬೇಕ್‌ವೆಲ್ ಎಂಬ ಇಂಗ್ಲಿಷಿನವನು ಚಪ್ಪಟೆ ಚೌಕಟ್ಟನ್ನು ಬಿಟ್ಟು ಉರುಳೆಯನ್ನು ತಂದ. ತವರದ ತಗಡಿನ ಮೇಲೆ ವಿದ್ಯುತ್ತನ್ನು ಹಾಯಗೊಡದ ಶಾಯಿಯಿಂದ ಬರೆದು ಅದನ್ನು ಉರುಳೆಗೆ ಸುತ್ತುತ್ತಿದ್ದ. ಉರುಳೆ ತಿರುಗಿದಂತೆ ಮೊನೆ ತಿರುಪಿನ ಮೇಲೆ ಸರಿಯುತ್ತಿತ್ತು. ಅದನ್ನು ವ್ಯಾಪಾರಕ್ಕೆ ತಂದವನು ಮಾತ್ರ ಇಟಲಿಯ ಪಾದ್ರಿ ಜೊವಾನ್ನಿ ಕಸೆಲ್ಲಿ. ಅವನ ಎತ್ತರದ ಲೋಲಕದ ‘ಪ್ಯಾಂಟೆಲಿಗ್ರಾಫ್’ 1865ರಿಂದ ಪ್ಯಾರಿಸ್ ಮತ್ತು ಲಿಯೋಂ ನಗರಗಳ ನಡುವೆ ಕೆಲವು ವರ್ಷ ಕೆಲಸ ಮಾಡಿತು. ಅದರ ಮುಖ್ಯ ಉಪಯೋಗಗಳಲ್ಲಿ ಒಂದು ಬ್ಯಾಂಕಿನ ಕಾಗದಗಳ ಮೇಲಿನ ಸಹಿಯನ್ನು ತಾಳೆ ನೋಡುವುದು. ಟೆಲಿಫೋನ್ ಇನ್ನೂ ಹುಟ್ಟಿರಲಿಲ್ಲ, ಫ್ಯಾಕ್ಸ್ ಆಗಲೇ ಇತ್ತು!

ಯಂತ್ರಕ್ಕೆ ಕಣ್ಣು ಬಂದದ್ದು ಆಕಸ್ಮಿಕವಾಗಿ. 1873ರಲ್ಲಿ ವಿಲೋಬಿ ಸ್ಮಿತ್ ಎಂಬ ಎಂಜಿನಿಯರ್ ಸಮುದ್ರದಡಿಯ ತಂತಿಗಳ ಪರೀಕ್ಷೆಗೆಂದು ಸೆಲೆನಿಯಮ್ ಸರಳುಗಳನ್ನು ಬಳಸುತ್ತಿದ್ದಾಗ ಅವುಗಳ ರೋಧ ಬೆಳಕು ಬಿದ್ದಾಗ ಕಡಿಮೆಯಾಗುವುದು ಕಂಡುಬಂತು. 1881ರಲ್ಲಿ ಶೆಲ್ಫರ್ಡ್ ಬಿಡ್‌ವೆಲ್ ಸೆಲೆನಿಯಮ್ ತುಣುಕೊಂದನ್ನು ಪೆಟ್ಟಿಗೆಯೊಳಗಿಟ್ಟು, ಸೂಜಿರಂಧ್ರದ ಮೂಲಕ ಚಿತ್ರವನ್ನು ಬಿಂದುಬಿಂದುವಾಗಿ ಅದಕ್ಕೆ ತೋರಿಸಿದ. ಈಗ ಲೋಹವನ್ನು ಮುಟ್ಟುವ ಅಗತ್ಯವಿಲ್ಲ. ಬೆಳಕಿನ ಹೆಚ್ಚುಕಡಿಮೆಯೇ ವಿದ್ಯುತ್ತಿನ ಹೆಚ್ಚುಕಡಿಮೆ. ಸೆಲೆನಿಯಮ್ ಮಂದ, ಬೆಳಕು ಹೋದ ಮೇಲೂ ಸ್ವಲ್ಪ ಹೊತ್ತು ಅದರ ಪರಿಣಾಮ ಉಳಿಯುತ್ತಿತ್ತು. ಜರ್ಮನಿಯ ಆರ್ಥರ್ ಕೋರ್ನ್ ಈ ಮಂದತನವನ್ನು ಸರಿದೂಗಿಸುವ ಮಂಡಲವನ್ನು ಜೋಡಿಸಿ 1907ರ ಹೊತ್ತಿಗೆ ಬರ್ಲಿನ್ ಮತ್ತು ಪ್ಯಾರಿಸ್ ನಡುವೆ ಫೋಟೋಗಳನ್ನು ಕಳಿಸಿದ. 1935ರ ಜನವರಿ 1ರಂದು ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ತನ್ನ ತಂತಿಚಿತ್ರ ಸೇವೆಯನ್ನು ಆರಂಭಿಸಿತು. ಆಗಿನಿಂದ ಪತ್ರಿಕೆಯ ಫೋಟೋ ರೈಲಿನಲ್ಲೋ ವಿಮಾನದಲ್ಲೋ ಬರುವುದನ್ನು ಕಾಯಬೇಕಾಗಲಿಲ್ಲ.

ಮೂರು ತಿಂಗಳ ಮಗು, ಮೂವತ್ತೊಂದು ಸಾವಿರ ಬಿಂದು

ಈ ಯಂತ್ರಗಳೆಲ್ಲ ಚಿತ್ರವನ್ನು ಇನ್ನೊಂದು ಕಾಗದಕ್ಕೆ ಸಾಗಿಸುತ್ತಿದ್ದವು. ಚಿತ್ರವನ್ನು ಸಂಖ್ಯೆಗಳಾಗಿಸಿ ಕಂಪ್ಯೂಟರಿನ ಸ್ಮರಣೆಯಲ್ಲಿ ಇಡುವ ಯೋಚನೆ ರಸೆಲ್ ಕಿರ್ಶ್ ಅವರದು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ 1950ರಿಂದ ಕೆಲಸ ಮಾಡುತ್ತಿದ್ದ ‘ಸೀಯಾಕ್’ ಎಂಬ ಕಂಪ್ಯೂಟರಿಗೆ ಅವರೂ ಸಹೋದ್ಯೋಗಿಗಳೂ 1957ರಲ್ಲಿ ಒಂದು ಪುಟ್ಟ ಉರುಳೆ ಸ್ಕ್ಯಾನರನ್ನು ಕಟ್ಟಿದರು. ಉರುಳೆಗೆ ಸುತ್ತಿದ ಮೊದಲ ಚಿತ್ರಗಳಲ್ಲಿ ಒಂದು ಕಿರ್ಶ್ ಅವರ ಮೂರು ತಿಂಗಳ ಮಗ ವಾಲ್ಡನ್‌ನ ಫೋಟೋ. ಅಳತೆ ಸುಮಾರು 5 ಸೆಂಟಿಮೀಟರ್ ಚೌಕ. ಅಡ್ಡಕ್ಕೆ 176, ಉದ್ದಕ್ಕೆ 176, ಒಟ್ಟು 30,976 ಬಿಂದು. ಇಂದಿನ ಲೆಕ್ಕದಲ್ಲಿ ಅಂಗುಲಕ್ಕೆ ಸುಮಾರು 90ರಿಂದ 100 ಬಿಂದು. ‘ಪಿಕ್ಸೆಲ್’ ಎಂಬ ಪದ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1965ರಲ್ಲಿ. ಕಿರ್ಶ್ ಅವರ ಕೈಯಲ್ಲಿ ಪಿಕ್ಸೆಲ್ ಇತ್ತು, ಅದಕ್ಕೆ ಹೆಸರಿರಲಿಲ್ಲ.

ಆ ಸ್ಕ್ಯಾನರ್ ಪ್ರತಿ ಬಿಂದುವಿನ ಬಗ್ಗೆ ಒಂದೇ ಪ್ರಶ್ನೆ ಕೇಳುತ್ತಿತ್ತು: ಇದು ಕಪ್ಪೋ ಬಿಳಿಯೋ? ಮಗುವಿನ ಕೆನ್ನೆಯ ನಸುನೆರಳು ಕಪ್ಪೂ ಅಲ್ಲ, ಬಿಳಿಯೂ ಅಲ್ಲ. ಹೌದು-ಇಲ್ಲ ಎಂಬ ಉತ್ತರದಲ್ಲಿ ನೆರಳು ಮಾಯವಾಗುತ್ತದೆ. ಅದಕ್ಕೆ ಅವರು ಕಂಡುಕೊಂಡ ದಾರಿ ಸರಳ: ಬೆಳಕಿನ ಗಡಿಯನ್ನು ಬೇರೆ ಬೇರೆ ಮಟ್ಟದಲ್ಲಿಟ್ಟು ಅದೇ ಚಿತ್ರವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡುವುದು, ಬಂದ ಉತ್ತರಗಳನ್ನು ಒಂದರ ಮೇಲೊಂದು ಕೂಡಿಸುವುದು. ಹೀಗೆ ಬೂದಿಬಣ್ಣದ ಮೆಟ್ಟಿಲುಗಳು ಸಿಕ್ಕವು. ಮೂಲ ಫೋಟೋ ಅವರ ಕೈಯಲ್ಲಿಯೇ ಇದ್ದುದರಿಂದ ಇದು ಸಾಧ್ಯವಾಯಿತು ಎಂಬುದನ್ನು ಮರೆಯಬೇಡಿ. ಈ ಮಾತಿಗೆ ಮತ್ತೆ ಬರೋಣ.

ಚೌಕಾಕಾರದ ಬಿಂದುವನ್ನು ಆರಿಸಿದ್ದೂ ಅಲ್ಲಿಯೇ. ಅದು ಲೆಕ್ಕಕ್ಕೆ ಅನುಕೂಲವಾಗಿತ್ತು. ಮುಂದೆ ಇಡೀ ಜಗತ್ತು ಅದನ್ನೇ ಹಿಡಿಯಿತು. ಐವತ್ತಕ್ಕೂ ಹೆಚ್ಚು ವರ್ಷದ ನಂತರ, 2010ರಲ್ಲಿ, ಎಂಬತ್ತು ದಾಟಿದ ಕಿರ್ಶ್ ಅದು ಅವಿವೇಕದ ಆಯ್ಕೆಯಾಗಿತ್ತು ಎಂದು ಹೇಳಿ, ಚಿತ್ರಕ್ಕೆ ತಕ್ಕಂತೆ ಆಕಾರ ಬದಲಿಸುವ ಬಿಂದುಗಳ ಒಂದು ವಿಧಾನವನ್ನು ಪ್ರಕಟಿಸಿದರು. ಯಾರೂ ಬದಲಾಯಿಸಲಿಲ್ಲ. ಅವರು 2020ರಲ್ಲಿ ತೀರಿಕೊಂಡರು.

ಕೈಯಿಂದ ಕೈಗೆ ಬಿಂದಿಗೆ

ಉರುಳೆಯ ಸ್ಕ್ಯಾನರಿಗೆ ಒಂದೇ ಕಣ್ಣು. ಅದು ದ್ಯುತಿಗುಣಕ ನಳಿಕೆ ಎಂಬ ನಿರ್ವಾತ ಕೊಳವೆ. ಬಹಳ ಸೂಕ್ಷ್ಮ, ಬಹಳ ದುಬಾರಿ. ಬಣ್ಣದ ಅಚ್ಚಿನ ದೊಡ್ಡ ಮುದ್ರಣಾಲಯಗಳಲ್ಲಿ ಇಂಥ ಯಂತ್ರಗಳು ದಶಕಗಳ ಕಾಲ ಆಳಿದವು. ಆದರೆ ಉರುಳೆಗೆ ಪುಸ್ತಕವನ್ನು ಸುತ್ತಲು ಬರುವುದಿಲ್ಲ.

1969ರ ಅಕ್ಟೋಬರಿನಲ್ಲಿ ಬೆಲ್ ಪ್ರಯೋಗಾಲಯದ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಅರೆವಾಹಕ ಸಾಧನದ ಕಲ್ಪನೆಯನ್ನು ಕರಿಹಲಗೆಯ ಮೇಲೆ ಬಿಡಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಸ್ಮರಣೆಯ ಘಟಕ, ಕ್ಯಾಮೆರಾ ಅಲ್ಲ. ಇದರ ಕೆಲಸವನ್ನು ಹೀಗೆ ಊಹಿಸಿಕೊಳ್ಳಿ. ಬಾವಿಯಿಂದ ಹೊಂಡದವರೆಗೆ ಜನ ಸಾಲಾಗಿ ನಿಂತಿದ್ದಾರೆ, ಪ್ರತಿಯೊಬ್ಬರ ಕೈಯಲ್ಲೂ ಒಂದು ಬಿಂದಿಗೆ. ಮಳೆ ಬಂದಾಗ ಒಬ್ಬೊಬ್ಬರ ಬಿಂದಿಗೆಯಲ್ಲಿ ಒಂದೊಂದು ಅಳತೆಯ ನೀರು. ಮಳೆ ನಿಂತ ಮೇಲೆ ಎಲ್ಲರೂ ಒಂದೇ ಸಲಕ್ಕೆ ತಮ್ಮ ಬಿಂದಿಗೆಯನ್ನು ಪಕ್ಕದವರಿಗೆ ದಾಟಿಸುತ್ತಾರೆ. ಸಾಲಿನ ಕೊನೆಯಲ್ಲಿ ನಿಂತವನು ಬಂದ ಬಿಂದಿಗೆಗಳನ್ನು ಒಂದೊಂದಾಗಿ ಅಳೆದು ಬರೆದುಕೊಳ್ಳುತ್ತಾನೆ. ಮಳೆ ಎಂದರೆ ಬೆಳಕು, ನೀರು ಎಂದರೆ ಎಲೆಕ್ಟ್ರಾನುಗಳು. ಬೇನನ ಲೋಲಕದ ಅಡ್ಡ ತೂಗಾಟ ಇಲ್ಲಿಗೆ ಮುಗಿಯಿತು. ಅಡ್ಡಗೆರೆಯೊಂದನ್ನು ಯಾವ ಭಾಗವೂ ಅಲುಗದೆ ಒಮ್ಮೆಗೇ ಓದಬಹುದು. ಉದ್ದದ ಚಲನೆ ಮಾತ್ರ ಯಂತ್ರಕ್ಕೆ ಉಳಿಯಿತು. 1970ರ ದಶಕದ ಮೊದಲರ್ಧದಲ್ಲೇ ಫೇರ್‌ಚೈಲ್ಡ್ ಸಂಸ್ಥೆ 500 ಘಟಕಗಳ ಸಾಲನ್ನು ಮಾರುಕಟ್ಟೆಗೆ ತಂದಿತು. ಬಾಯ್ಲ್ ಮತ್ತು ಸ್ಮಿತ್ ಅವರಿಗೆ 2009ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯ ಅರ್ಧ ಪಾಲು ಬಂತು.

ಸಿಸಿಡಿ ಸಾಲನ್ನು ಗಾಜಿನ ಹಾಸಿನ ಕೆಳಗಿಟ್ಟವರು ರೇ ಕರ್ಜ್‌ವೀಲ್. ಗಾಜಿನ ಹಾಸು ಹೊಸದಲ್ಲ, 1959ರ ಜೆರಾಕ್ಸ್ 914 ನಕಲುಯಂತ್ರದಲ್ಲೇ ಇತ್ತು. ಕರ್ಜ್‌ವೀಲ್ ಅವರ ಉದ್ದೇಶ ದೃಷ್ಟಿಹೀನರಿಗಾಗಿ ಪುಸ್ತಕ ಓದಿ ಹೇಳುವ ಯಂತ್ರ. ಪುಸ್ತಕವನ್ನು ಬೋರಲಾಗಿ ಇಟ್ಟರೆ ಸ್ಕ್ಯಾನರ್ ಸಾಲುಸಾಲಾಗಿ ನೋಡುತ್ತದೆ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುತ್ತದೆ, ಕೃತಕ ಧ್ವನಿ ಓದುತ್ತದೆ. ಆವರೆಗಿನ ಅಕ್ಷರ ಗುರುತಿಸುವ ಯಂತ್ರಗಳಲ್ಲಿ ಬಹಳಷ್ಟು ಗೊತ್ತುಮಾಡಿದ ಕೆಲವು ಅಚ್ಚಿನ ಮೊಳೆಗಳನ್ನು ಮಾತ್ರ ಓದುತ್ತಿದ್ದವು. ಇದು ಸಾಮಾನ್ಯ ಪುಸ್ತಕದ ಯಾವುದೇ ಮೊಳೆಯನ್ನು ಓದಲು ಹೊರಟಿತು. 1976ರ ಜನವರಿ 13ರಂದು ಅದು ಸಾರ್ವಜನಿಕರ ಮುಂದೆ ಬಂತು. ಗಾಯಕ ಸ್ಟೀವಿ ವಂಡರ್ ಅದರ ಮೊದಲ ಗ್ರಾಹಕರಲ್ಲೊಬ್ಬರು. ನಾವು ಅಂಕಪಟ್ಟಿ ಇಟ್ಟು ನಕಲು ತೆಗೆಯುವ ಈ ಉಪಕರಣದ ಪೂರ್ವಜ ಕಣ್ಣು ಕಾಣದವರ ಕೈಗೆ ಪುಸ್ತಕ ಕೊಡಲು ಹುಟ್ಟಿತು ಎಂಬುದನ್ನು ತರಗತಿಯಲ್ಲಿ ಹೇಳಲು ನನಗೆ ಇಷ್ಟ.

ಮನೆಯ ಮೇಜಿಗೆ

ಮನೆ ಕಂಪ್ಯೂಟರ್ ಬಂದ ಹೊಸದರಲ್ಲಿ ಸ್ಕ್ಯಾನರ್ ಕೈಗೆಟಕುವ ವಸ್ತುವಾಗಿರಲಿಲ್ಲ. 1984ರಲ್ಲಿ ಬಂದ ‘ಥಂಡರ್‌ಸ್ಕ್ಯಾನ್’ ಒಂದು ಜಾಣ ಉಪಾಯ. ಮ್ಯಾಕಿಂಟಾಷ್ ಕಂಪ್ಯೂಟರಿನ ಮುದ್ರಕದಿಂದ ಶಾಯಿಪಟ್ಟಿಯನ್ನು ತೆಗೆದು ಆ ಜಾಗದಲ್ಲಿ ಬೆಳಕಿನ ಸಂವೇದಕವೊಂದನ್ನು ಕೂರಿಸುವುದು. ಅಚ್ಚು ಹಾಕುವ ತಲೆ ಅಡ್ಡಡ್ಡ ಓಡಾಡುತ್ತಾ ಕಾಗದವನ್ನು ಓದುತ್ತದೆ. ಮುದ್ರಕವನ್ನು ತಿರುಗಿಸಿದರೆ ಸ್ಕ್ಯಾನರ್! ಬೇನನ ಲೋಲಕ ಮತ್ತೆ ಬಂದಂತಾಯಿತು. ಕೈಯಲ್ಲಿ ಹಿಡಿದು ಹಾಳೆಯ ಮೇಲೆ ಎಳೆಯುವ ಸ್ಕ್ಯಾನರುಗಳೂ ಬಂದವು. ಕೈ ನಡುಗಿದರೆ ಅಕ್ಷರವೂ ನಡುಗುತ್ತಿತ್ತು.

1987ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯ ಮೊದಲ ‘ಸ್ಕ್ಯಾನ್‌ಜೆಟ್’ ಅಂಗುಲಕ್ಕೆ 300 ಬಿಂದುಗಳನ್ನು ಬೂದಿಬಣ್ಣದ 16 ಮಟ್ಟಗಳಲ್ಲಿ ಕೊಟ್ಟಿತು. ಮರುವರ್ಷ ಆಪಲ್ ಇಂಥದನ್ನೇ 1,799 ಡಾಲರಿಗೆ ಮಾರಿತು. 1990ರ ದಶಕದಲ್ಲಿ ಬಣ್ಣ ಬಂತು, ಬೆಲೆ ಇಳಿಯಿತು. ದಶಕದ ಕೊನೆಗೆ ಯುಎಸ್‌ಬಿ ಬಂದು, ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಬೇರೆ ಕಾರ್ಡು ಹಾಕುವ ಕಷ್ಟವೂ ತಪ್ಪಿತು.

ಇದಕ್ಕಿಂತ ಗಟ್ಟಿಯಾದ ತೊಡಕು ಭಾಷೆಯದು. ಒಂದೊಂದು ಕಂಪನಿಯ ಸ್ಕ್ಯಾನರಿಗೂ ಒಂದೊಂದು ತಂತ್ರಾಂಶ. 1992ರಲ್ಲಿ ಹಲವು ಕಂಪನಿಗಳು ಸೇರಿ ‘ಟ್ವೈನ್’ ಎಂಬ ಸಾಮಾನ್ಯ ಒಪ್ಪಂದವನ್ನು ಮಾಡಿಕೊಂಡವು. ಟ್ವೈನ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ‘ಎರಡು’. ಪೂರ್ವ ಪಶ್ಚಿಮಗಳು ಸೇರಲಾರವು ಎಂಬ ಕಿಪ್ಲಿಂಗನ ಕವಿತೆಯಿಂದ ಈ ಪದವನ್ನು ಎತ್ತಿಕೊಂಡರು. ಕಂಪ್ಯೂಟರ್ ಮತ್ತು ಸ್ಕ್ಯಾನರನ್ನು ಕೂಡಿಸಲು ಪಟ್ಟ ಪಾಡು ಹೆಸರಿನಲ್ಲೇ ಇದೆ. ಒಪ್ಪಂದವಿದ್ದರೂ ಪ್ರತಿ ಯಂತ್ರಕ್ಕೂ ಅದರದೇ ಚಾಲಕ ತಂತ್ರಾಂಶ ಬೇಕಾಗುವುದು ತಪ್ಪಲಿಲ್ಲ. 64 ಬಿಟ್ಟಿನ ವಿಂಡೋಸ್ ಮನೆಗಳಿಗೆ ಬಂದಾಗ ಎಷ್ಟೋ ಸ್ಕ್ಯಾನರುಗಳಿಗೆ ಹೊಸ ಚಾಲಕವನ್ನು ಬರೆಯುವ ಗೋಜಿಗೆ ತಯಾರಕರು ಹೋಗಲಿಲ್ಲ. ಗಾಜು ಸರಿ, ದೀಪ ಸರಿ, ಮೋಟರ್ ಸರಿ. ಯಂತ್ರ ಮಾತ್ರ ಗುಜರಿಗೆ. ಸ್ಕ್ಯಾನರ್ ಸಾಯುವುದು ಸವೆತದಿಂದಲ್ಲ, ಮಾತು ನಿಂತು ಎಂದರೆ ತಪ್ಪಾಗದು. 1990ರ ದಶಕದ ಕೊನೆಯಲ್ಲಿ ಆರಂಭವಾದ ‘ಸೇನ್’ ಎಂಬ ಮುಕ್ತ ತಂತ್ರಾಂಶ ಲಿನಕ್ಸ್ ಕಂಪ್ಯೂಟರುಗಳಲ್ಲಿ ಇಂಥ ಅನೇಕ ಅನಾಥ ಯಂತ್ರಗಳನ್ನು ಇಂದಿಗೂ ನಡೆಸುತ್ತಿದೆ. ಆದ್ದರಿಂದ ಕೊಳ್ಳುವ ಮೊದಲು, ಹಳೆಯದೇ ಇರಲಿ ಹೊಸದೇ ಇರಲಿ, ಆ ಮಾದರಿಯ ಹೆಸರು ಸೇನ್ ಪಟ್ಟಿಯಲ್ಲಿದೆಯೇ ಎಂದು ನೋಡಿ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗಿಂತ ಇದು ಹೆಚ್ಚು ಕಾಲ ನಿಮ್ಮ ನೆರವಿಗೆ ಬರುತ್ತದೆ.

ಅಂಕಿಯ ಒಳಗೆ

ಈಗ ಆ ಅಂಕಿಗೆ ಬರೋಣ. ಎಂಟೂವರೆ ಅಂಗುಲ ಅಗಲದ ಗಾಜಿನಲ್ಲಿ ಅಂಗುಲಕ್ಕೆ 300 ಬಿಂದು ಬೇಕಾದರೆ ಸಂವೇದಕದ ಸಾಲಿನಲ್ಲಿ 2,550 ಘಟಕಗಳಿರಬೇಕು. 1200 ಬಿಂದುವಿಗೆ 10,200. ಬಣ್ಣಕ್ಕೆ ಮೂರು ಸಾಲು, ಇಲ್ಲವೇ ಮೂರು ಬಣ್ಣದ ದೀಪ. ಅಡ್ಡಳತೆಯ ನಿಜವಾದ ಶಕ್ತಿ ಇದಿಷ್ಟೇ. ‘4800 × 9600’ ಎಂದು ಬರೆದಿದ್ದರೆ ಎರಡನೆಯ ಅಂಕಿ ಸಾಮಾನ್ಯವಾಗಿ ಉದ್ದಕ್ಕೆ ಮೋಟರ್ ಇಡುವ ಹೆಜ್ಜೆಯದು. ಅದನ್ನೂ ಮೀರಿದ ಅಂಕಿ ಕಂಡರೆ ಅದು ಎರಡು ಬಿಂದುಗಳ ನಡುವೆ ತಂತ್ರಾಂಶ ಊಹಿಸಿ ತುಂಬಿದ್ದು. ಊಹೆಯಲ್ಲಿ ಹೊಸ ವಿವರ ಇರುವುದಿಲ್ಲ.

ಇನ್ನು ನಿಮಗೆ ಎಷ್ಟು ಬೇಕು? ಎ4 ಹಾಳೆಯನ್ನು 300 ಬಿಂದುವಿನಲ್ಲಿ ಬಣ್ಣದಲ್ಲಿ ಹಿಡಿದರೆ ಸುಮಾರು 87 ಲಕ್ಷ ಬಿಂದು, ಬಿಂದುವಿಗೆ 3 ಬೈಟ್, ಒಟ್ಟು 26 ಮೆಗಾಬೈಟ್. 600ಕ್ಕೆ ನಾಲ್ಕು ಪಟ್ಟು, 104. 4800ಕ್ಕೆ 6.7 ಗಿಗಾಬೈಟ್! ಕಾಗದದ ಫೋಟೋದಲ್ಲಿ 300ರಿಂದ 600ರಾಚೆ ಹಿಡಿಯಲು ಹೆಚ್ಚೇನೂ ಇರುವುದಿಲ್ಲ. ದೊಡ್ಡ ಅಂಕಿ ಬೇಕಾಗುವುದು ಫಿಲ್ಮಿಗೆ. 36 × 24 ಮಿಲಿಮೀಟರಿನ ನೆಗೆಟಿವನ್ನು 2400ರಲ್ಲಿ ಹಿಡಿದರೆ ಸುಮಾರು 77 ಲಕ್ಷ ಬಿಂದು ಬರುತ್ತದೆ. ಅದಕ್ಕೆ ಮುಚ್ಚಳದಲ್ಲಿ ಇನ್ನೊಂದು ದೀಪವಿರುವ ಯಂತ್ರವೇ ಆಗಬೇಕು. ಮನೆಯಲ್ಲಿ ನೆಗೆಟಿವುಗಳಿಲ್ಲದಿದ್ದರೆ ಆ ದುಡ್ಡನ್ನು ಉಳಿಸಿಕೊಳ್ಳಿ.

ಅಂಕಿಗಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ: ಸಂವೇದಕ ಯಾವ ಬಗೆಯದು? ಸಿಸಿಡಿ ಸ್ಕ್ಯಾನರಿನಲ್ಲಿ ಕನ್ನಡಿಗಳು ಬೆಳಕನ್ನು ಮಡಿಸಿ ಮಡಿಸಿ ತಂದು, ಮಸೂರವೊಂದು ಹಾಳೆಯ ಇಡೀ ಅಗಲವನ್ನು ಕೆಲವೇ ಸೆಂಟಿಮೀಟರಿನ ಸಾಲಿನ ಮೇಲೆ ಕುಗ್ಗಿಸಿ ಬೀಳಿಸುತ್ತದೆ. ಪೆಟ್ಟಿಗೆ ದಪ್ಪ, ತೂಕ ಹೆಚ್ಚು, ಬೇರೆ ವಿದ್ಯುತ್ ತಂತಿ ಬೇಕು. ಆದರೆ ಹಾಳೆ ಗಾಜಿನಿಂದ ಸ್ವಲ್ಪ ಮೇಲಿದ್ದರೂ ಚಿತ್ರ ಸ್ಫುಟವಾಗಿಯೇ ಬರುತ್ತದೆ. ಇನ್ನೊಂದು ಬಗೆ ಸಿಐಎಸ್, ಅಂದರೆ ಕಾಗದಕ್ಕೆ ಅಂಟಿಕೊಂಡಂತೆ ಓದುವ ಸಂವೇದಕ. ಹಾಳೆಯಷ್ಟೇ ಅಗಲದ ಸಾಲು, ಅದರ ಮೇಲೆ ಪುಟ್ಟ ಸರಳು ಮಸೂರಗಳು, ಪಕ್ಕದಲ್ಲಿ ಕೆಂಪು ಹಸಿರು ನೀಲಿ ಎಲ್‌ಇಡಿ. ಯಂತ್ರ ತೆಳು, ಯುಎಸ್‌ಬಿ ತಂತಿಯ ವಿದ್ಯುತ್ತೇ ಸಾಕು. ಕ್ಯಾನನ್ ಕಂಪನಿಯ ‘ಲೈಡ್’ ಮಾದರಿಗಳು ಇದನ್ನು ಜನಪ್ರಿಯಗೊಳಿಸಿದವು. ಬಿಡಿ ಹಾಳೆಗಳಿಗೆ ಇದರಷ್ಟು ಅನುಕೂಲದ್ದು ಇನ್ನೊಂದಿಲ್ಲ. ಹೊಲಿದ ಪುಸ್ತಕವನ್ನು ಇಟ್ಟರೆ ಮಾತ್ರ ನಡುಮಡಿಕೆಯ ಹತ್ತಿರ, ಹಾಳೆ ಗಾಜನ್ನು ಬಿಟ್ಟು ಮೇಲೇಳುವ ಕಡೆ, ಅಕ್ಷರಗಳು ಮಸುಕಾಗುತ್ತವೆ. ಅದನ್ನು ಸರಿಪಡಿಸಲು ಪುಸ್ತಕದ ಬೆನ್ನನ್ನು ಒತ್ತುವವರಿದ್ದಾರೆ. ಹಳೆಯ ಪುಸ್ತಕದ ಬೆನ್ನು ಅಲ್ಲಿಗೆ ಮುರಿಯುತ್ತದೆ. ಪುಸ್ತಕಗಳೇ ನಿಮ್ಮ ಕೆಲಸವಾದರೆ ದಪ್ಪ ಪೆಟ್ಟಿಗೆಯ ಸಿಸಿಡಿ ಯಂತ್ರವನ್ನೇ ಹುಡುಕಿ ಎಂಬುದು ನನ್ನ ಸಲಹೆ.

ಮೊಬೈಲ್ ಫೋನಿನ ಕ್ಯಾಮೆರಾ ಇರುವಾಗ ಇದೆಲ್ಲ ಏಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬೇಗ ಓದಿ ಮುಗಿಸುವ ಕಾಗದಕ್ಕೆ ಫೋನ್ ಸಾಕು. ಸ್ಕ್ಯಾನರ್ ಕೊಡುವುದು ಅಳತೆ. ಫೋನಿನ ಚಿತ್ರದಲ್ಲಿ ಹತ್ತಿರದ ಅಂಚು ದೊಡ್ಡದು, ದೂರದ ಅಂಚು ಚಿಕ್ಕದು. ಸ್ಕ್ಯಾನರಿನಲ್ಲಿ ಗಾಜಿನ ಎಲ್ಲ ಕಡೆಯೂ ಒಂದೇ ಮಾನ. ಎಲೆಯ ವಿಸ್ತೀರ್ಣವನ್ನು ಗ್ರಾಫ್ ಹಾಳೆಯ ಚೌಕ ಎಣಿಸಿ ಕಂಡುಹಿಡಿಯುವ ಪ್ರಯೋಗ ನಿಮಗೆ ಗೊತ್ತಿದೆ. ಎಲೆಯನ್ನು 300 ಬಿಂದುವಿನಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 13,950 ಬಿಂದುಗಳಿರುತ್ತವೆ. ‘ಇಮೇಜ್‌ಜೆ’ ಎಂಬ ಉಚಿತ ತಂತ್ರಾಂಶದಲ್ಲಿ ಎಲೆಯ ಬಿಂದುಗಳನ್ನು ಎಣಿಸಿ ಭಾಗಿಸಿದರೆ ವಿಸ್ತೀರ್ಣ ಕೈಯಲ್ಲಿ. ಮೊದಲು ಯಂತ್ರವನ್ನೇ ಪರೀಕ್ಷಿಸಿ: ಗ್ರಾಫ್ ಹಾಳೆಯನ್ನಿಟ್ಟು ಅಡ್ಡಕ್ಕೆ 10 ಸೆಂಟಿಮೀಟರ್, ಉದ್ದಕ್ಕೆ 10 ಸೆಂಟಿಮೀಟರ್ ಅಳೆಯಿರಿ. ಎರಡೂ 1,181 ಬಿಂದುವಿನ ಹತ್ತಿರ ಬರಬೇಕು. ಅಡ್ಡಳತೆ ಸರಿಯಿದ್ದು ಉದ್ದಳತೆ ತಪ್ಪಿದ್ದರೆ ಮೋಟರ್ ಅಥವಾ ಪಟ್ಟಿ ಸಡಿಲವಾಗಿದೆ ಎಂದರ್ಥ. ಬೇನನ ಲೋಲಕದ ಕಾಯಿಲೆ ಇನ್ನೂ ಪೂರ್ತಿ ವಾಸಿಯಾಗಿಲ್ಲ.

ಒಂದೆರಡು ಸಣ್ಣ ಸಂಗತಿಗಳು. ಕೆಲಸ ಶುರುವಾಗುವ ಮೊದಲು ಯಂತ್ರ ಗಾಜಿನ ಅಂಚಿನ ಒಳಗಿರುವ ಬಿಳಿಪಟ್ಟಿಯೊಂದನ್ನು ನೋಡಿಕೊಂಡು ಪ್ರತಿ ಘಟಕದ ಬಿಳುಪನ್ನು ಸಮ ಮಾಡಿಕೊಳ್ಳುತ್ತದೆ. ಆ ಪಟ್ಟಿಯ ಮೇಲೆ ಧೂಳಿನ ಕಣ ಕೂತರೆ ಪುಟದ ಉದ್ದಕ್ಕೂ ಒಂದು ಗೆರೆ ಬರುತ್ತದೆ. ಗಾಜನ್ನು ಎಷ್ಟು ಒರೆಸಿದರೂ ಹೋಗದ ಗೆರೆ ಇದೇ. ತೆಳು ಹಾಳೆಯಲ್ಲಿ ಹಿಂಬದಿಯ ಅಚ್ಚು ಕಾಣುತ್ತಿದ್ದರೆ ಹಾಳೆಯ ಹಿಂದೆ ಕಪ್ಪು ಕಾಗದವನ್ನಿಡಿ. ಪತ್ರಿಕೆಯ ಚಿತ್ರಗಳು ಚುಕ್ಕಿಗಳ ಜಾಲದಲ್ಲಿ ಅಚ್ಚಾದವು. ಸ್ಕ್ಯಾನರಿನ ಜಾಲ ಅದರ ಮೇಲೆ ಕೂತಾಗ ಅಲೆಯಂಥ ವಿನ್ಯಾಸ ಮೂಡುತ್ತದೆ. ಹೆಚ್ಚು ಬಿಂದುಗಳಲ್ಲಿ ಹಿಡಿದು ಆಮೇಲೆ ಕುಗ್ಗಿಸಿದರೆ ಅದು ಬಹುಮಟ್ಟಿಗೆ ಹೋಗುತ್ತದೆ.

ಥ, ಧ ಮತ್ತು ಒಂದು ಚುಕ್ಕಿ

ಕನ್ನಡದ ಪುಟಗಳಿಗೆ ಬೇರೆಯದೇ ಲೆಕ್ಕವಿದೆ. ‘ದ’ ಮತ್ತು ‘ಧ’ ನಡುವಿನ ಅಂತರ ಕೆಳಗಿನ ಒಂದು ಸಣ್ಣ ಗೀರು. ‘ಥ’ದ ಗುರುತು ಹೊಟ್ಟೆಯೊಳಗಿನ ಒಂದು ಚುಕ್ಕಿ. ಒತ್ತಕ್ಷರಗಳು ಮೂಲಾಕ್ಷರದ ಅರ್ಧದಷ್ಟೂ ಇರುವುದಿಲ್ಲ. ಮೊಳೆ ಜೋಡಿಸಿ ಅಚ್ಚು ಹಾಕಿದ ಪುಸ್ತಕದಲ್ಲಿ ಆ ಗೀರಿನ ದಪ್ಪ ಮಿಲಿಮೀಟರಿನ ಮೂರನೆಯ ಒಂದು ಭಾಗವೆಂದು ಇಟ್ಟುಕೊಳ್ಳಿ. ಅಂಗುಲಕ್ಕೆ 100 ಬಿಂದುವಿನಲ್ಲಿ ಒಂದು ಬಿಂದು 0.25 ಮಿಲಿಮೀಟರ್, ಗೀರು ಒಂದು ಬಿಂದುವಿಗೆ ಸ್ವಲ್ಪ ಹೆಚ್ಚು. 300ರಲ್ಲಿ ನಾಲ್ಕು ಬಿಂದು. 400ರಲ್ಲಿ ಐದು. ಅದಕ್ಕೇ ಹಳೆಯ ಕನ್ನಡ ಪುಸ್ತಕಕ್ಕೆ 300 ಕನಿಷ್ಠ, 400 ಒಳ್ಳೆಯದು ಎನ್ನುವುದು.

ಬಿಂದುಗಳ ಸಂಖ್ಯೆ ಸರಿಯಿದ್ದರೂ ಇನ್ನೊಂದು ಕಡೆ ಎಡವಬಹುದು. ಸ್ಕ್ಯಾನ್ ತಂತ್ರಾಂಶದ ಪಟ್ಟಿಯಲ್ಲಿ ‘ಕಪ್ಪು-ಬಿಳಿ’ ಎಂದು ಒಂದಿರುತ್ತದೆ, ‘ಬೂದಿಬಣ್ಣ’ ಎಂದು ಇನ್ನೊಂದು. ಅಚ್ಚಿನ ಪುಟ ಕಪ್ಪು ಬಿಳುಪೇ ತಾನೆ ಎಂದು ಮೊದಲನೆಯದನ್ನು ಆರಿಸಿದರೆ ನೀವು 1957ರ ಕಿರ್ಶ್ ಅವರ ಜಾಗದಲ್ಲಿ ನಿಂತಿರುತ್ತೀರಿ: ಪ್ರತಿ ಬಿಂದುವಿಗೂ ಹೌದು ಅಥವಾ ಇಲ್ಲ. ಹಳದಿಯಾದ ಹಾಳೆ, ಮಾಸಿದ ಶಾಯಿ. ಗಡಿಯನ್ನು ಒಂದು ಕಡೆಗಿಟ್ಟರೆ ‘ಧ’ದ ಗೀರು ಅಳಿಸುತ್ತದೆ, ಇನ್ನೊಂದು ಕಡೆಗಿಟ್ಟರೆ ‘ಥ’ದ ಹೊಟ್ಟೆ ತುಂಬಿ ಕಪ್ಪಾಗುತ್ತದೆ. ಬೂದಿಬಣ್ಣದ 256 ಮಟ್ಟಗಳಲ್ಲಿ ಹಿಡಿದಿಟ್ಟರೆ ಗಡಿಯನ್ನು ಯಾವಾಗ ಬೇಕಾದರೂ, ಪುಟದಿಂದ ಪುಟಕ್ಕೆ ಬೇರೆ ಬೇರೆಯಾಗಿ, ಹಾಕಿಕೊಳ್ಳಬಹುದು. ಕಿರ್ಶ್ ಅವರ ಹಾಗೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಲು ಹಾಳೆ ಉಳಿದಿರುತ್ತದೆಂಬ ಭರವಸೆ ಇಲ್ಲ.

ಇದು ಊಹೆಯ ಅಪಾಯವಲ್ಲ. 2000ದ ದಶಕದ ಆರಂಭದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್ ಅವರಂಥವರ ಮುಂದಾಳತ್ವದಲ್ಲಿ ಹತ್ತು ಲಕ್ಷ ಪುಸ್ತಕಗಳ ಯೋಜನೆ ನಡೆಯಿತು; ಅದರ ಭಾರತದ ಭಾಗವೇ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ. ಎಷ್ಟೋ ಕನ್ನಡ ಪುಸ್ತಕಗಳು ಇಂದು ಓದಲು ಸಿಗುವುದು ಆ ದುಡಿಮೆಯಿಂದ. ಆ ತಾಣ ಈಗಿಲ್ಲ. ಅದರ ಪುಟಗಳಲ್ಲಿ ಹೆಚ್ಚಿನವು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದಿವೆ. ಅವುಗಳಲ್ಲಿ ಬಹುಪಾಲು ಶುದ್ಧ ಕಪ್ಪು-ಬಿಳಿ. ಕಾರಣವೂ ಇತ್ತು. ಡೆಮಿ ಅಳತೆಗೆ ಹತ್ತಿರದ ಎ5 ಪುಟವನ್ನು 400 ಬಿಂದುವಿನಲ್ಲಿ ಬೂದಿಬಣ್ಣದಲ್ಲಿ ಹಿಡಿದರೆ 7.7 ಮೆಗಾಬೈಟ್, ಕಪ್ಪು-ಬಿಳಿಯಲ್ಲಿ ಹಿಡಿದು ಫ್ಯಾಕ್ಸ್ ಯಂತ್ರಗಳಿಗಾಗಿ 1980ರ ದಶಕದಲ್ಲಿ ರೂಪಿಸಿದ ಸಂಕೋಚನ ವಿಧಾನವನ್ನು ಬಳಸಿದರೆ ಅದರ ಒಂದು ಸಣ್ಣ ಪಾಲು. ಅಂದಿನ ಡಿಸ್ಕುಗಳ ಬೆಲೆಯಲ್ಲಿ ಲಕ್ಷಾಂತರ ಪುಸ್ತಕಗಳಿಗೆ ಬೇರೆ ದಾರಿ ಕಷ್ಟವಿತ್ತು. ಫಲವಾಗಿ ಅಕ್ಷರ ಉಳಿಯಿತು, ಫೋಟೋಗಳು ಕಪ್ಪು ಮಚ್ಚೆಗಳಾದವು. ಮೂಲಪ್ರತಿ ಸಿಗದ ಪುಸ್ತಕದ ಆ ಮುಖಗಳು ಇನ್ನು ಕಾಣುವುದಿಲ್ಲ.

ನಿಮಗೆ ಆ ಕಟ್ಟುಪಾಡಿಲ್ಲ. ಇನ್ನೂರು ಪುಟದ ಅಂಥ ಪುಸ್ತಕ ಬೂದಿಬಣ್ಣದಲ್ಲಿ ಸಂಕೋಚನವಿಲ್ಲದೆ ಸುಮಾರು ಒಂದೂವರೆ ಗಿಗಾಬೈಟ್. ಚಿಕ್ಕ ಪೆನ್‌ಡ್ರೈವಿನಲ್ಲೂ ಹಿಡಿಸುತ್ತದೆ. ಇಡುವ ಪ್ರತಿಗೆ ಟಿಫ್ ಅಥವಾ ಪಿಎನ್‌ಜಿ ಬಳಸಿ. ಹಂಚುವ ಪ್ರತಿಗೆ ಜೆಪೆಗ್ ಸಾಕು. ಅದು ಅಕ್ಷರದ ಅಂಚಿನ ಸುತ್ತ ಮಸಿ ಹರಡಿದಂತೆ ಮಾಡುತ್ತದೆ.

ಕರ್ಜ್‌ವೀಲ್ ಅವರ ಯಂತ್ರ ಮಾಡಿದ ಕೆಲಸ, ಅಂದರೆ ಚಿತ್ರದಿಂದ ಅಕ್ಷರ ತೆಗೆಯುವುದು, ಇಂದು ಕನ್ನಡಕ್ಕೂ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ತಂಡ ಇದಕ್ಕಾಗಿ ದುಡಿದಿದೆ. ಉಚಿತವಾಗಿ ಸಿಗುವ ‘ಟೆಸರಾಕ್ಟ್’ ಕೂಡ ಕನ್ನಡ ಓದುತ್ತದೆ. ಅದರ ಹುಟ್ಟು 1980ರ ದಶಕದ ನಡುವೆ, ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿದ್ದ ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದಲ್ಲಿ. ಆ ಕಂಪನಿಯ ಫ್ಲಾಟ್‌ಬೆಡ್ ಸ್ಕ್ಯಾನರುಗಳಿಗೆ ಜೊತೆಯಾಗಲೆಂದು. ಹತ್ತು ವರ್ಷದ ನಂತರ ಅದನ್ನು ಮೂಲೆಗಿಟ್ಟರು. 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಬೂದಿಬಣ್ಣದಲ್ಲಿ 400 ಬಿಂದುವಿಗೆ ಹಿಡಿದ ಒಂದು ಪುಟವನ್ನು ಅದಕ್ಕೆ ಕೊಟ್ಟು ನೋಡಿ, ಆಮೇಲೆ ಅದೇ ಪುಟದ ಕಪ್ಪು-ಬಿಳಿ ಪ್ರತಿಯನ್ನು ಕೊಡಿ. ಎರಡು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ಮಹಾಪ್ರಾಣಗಳನ್ನು ಎಣಿಸಿ. ‘ಕಥೆ’ ‘ಕದೆ’ಯಾಗಿರುವ ಕಡೆಗಳಲ್ಲಿ ಮೂಲ ಪುಟವನ್ನು ಭೂತಗನ್ನಡಿಯಲ್ಲಿ ನೋಡಿದರೆ ಚುಕ್ಕಿ ಅಲ್ಲೇ ಇರುತ್ತದೆ.